ಮಹಾಧಮನಿಯನ್ನು ಸೋಲಿಸಿದ ನಾಳ

ಕೆಮ್ಮೆಂದು ಆಸ್ಪತ್ರೆಗೆ ಬಂದ ನೀಲವ್ವನ ಎದೆಯ ಸಿ.ಟಿ. ಚಿತ್ರ ಕಂಪ್ಯೂಟರಿನ ಮುಂದೆ ಬಂತು. ಯಾರು ಕೇಳಲಿ ಬಿಡಲಿ, ಕಂಡ ರಕ್ತನಾಳವನ್ನೆಲ್ಲ ಅಳೆಯುವುದು ಅದರ ಚಾಳಿ.

"ಮಹಾಧಮನಿ ಇಪ್ಪತ್ತೊಂಬತ್ತು ಮಿಲಿಮೀಟರ್, ಶ್ವಾಸಕೋಶದ ನಾಳ ಮೂವತ್ತನಾಲ್ಕು," ಎಂದಿತು.

ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಆ ನಾಳ ಕುಣಿದಾಡಿತು. "ಹುಟ್ಟಿದಾಗಿನಿಂದ ಆ ಮಹಾಧಮನಿಯೇ ದೊಡ್ಡವನಾಗಿದ್ದ. ಇವತ್ತು ನಾನು ಗೆದ್ದೆ! ಊರಿಗೆಲ್ಲ ಸಾರು, ಕಂಪ್ಯೂಟರಪ್ಪಾ!"

ಕಂಪ್ಯೂಟರ್ ಪರದೆಯ ಮೇಲೆ ಕೆಂಪಕ್ಷರದಲ್ಲಿ ಸಾರಿತು. ಡಾಕ್ಟರು ಓಡಿಬಂದರು.

"ನೋಡಿದೆಯಾ, ಸನ್ಮಾನಕ್ಕೆ ಬಂದರು!"

"ಅಲ್ಲ, ನೀನು ಉಬ್ಬಿದ್ದು ಒಳಗಿನ ಒತ್ತಡದಿಂದ. ಅದನ್ನು ಇಳಿಸುವುದಕ್ಕೆ ಬಂದರು," ಎಂದಿತು ಕಂಪ್ಯೂಟರ್.

ಹಿಂದಿನಿಂದ ಹೃದಯ ಏದುಸಿರು ಬಿಡುತ್ತಲೇ ನಕ್ಕಿತು. "ಕುಣಿಯೋ, ಇನ್ನೂ ಕುಣಿ! ನಿನ್ನೊಳಗೆ ರಕ್ತ ತಳ್ಳಿ ತಳ್ಳಿ ಸಾಕಾಗಿ, ಮೂರು ವರ್ಷದಿಂದ ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನಿನ್ನ ಜಂಭ ಕೇಳಿಸಿತು."