ಮುಂದೋದುಗಲ್ಲು

ಮಲಪ್ರಭೆಯ ದಕ್ಷಿಣಕ್ಕೆ, ಎರೆಸೀಮೆಯ ನಡುವೆ ಸತ್ಯಪುರವೆಂಬ ನೇಕಾರರ ಊರಿದೆ. ಅದರ ಮೇಲೋಣಿಗೂ ಕೆಳಓಣಿಗೂ ನಡುವೆ, ಮಂಚದಷ್ಟು ಅಗಲದ ಹಾಸುಬಂಡೆಯೊಂದು ಮಲಗಿದೆ. ಅದರ ಮೇಲೆ ಶಾಸನವಿಲ್ಲ, ಶಿಲುಬೆಯ ಗುರುತೂ ಇಲ್ಲ. ಊರವರು ಅದನ್ನು ಮುಂದೋದುಗಲ್ಲು ಎಂದು ಕರೆಯುತ್ತಾರೆ. ಕಾರಣ ಕೇಳಿದವರಿಗೆ ಹಿರಿಯರು ಹೇಳುವುದು ಹೀಗೆ.

ಹಿಂದೆ ಒಮ್ಮೆ, ಇಲ್ಲಿನ ಕ್ರೈಸ್ತರೆಲ್ಲ ಒಂದೇ ಸಭೆಯಾಗಿದ್ದ ಕಾಲದಲ್ಲಿ, ಅವರಿಗಿದ್ದುದು ಒಂದೇ ವೇದಪುಸ್ತಕ. ಕರಾವಳಿಯಿಂದ ಘಟ್ಟ ಹತ್ತಿ ಎತ್ತಿನ ಗಾಡಿಯಲ್ಲಿ ಬಂದುದು. ಕಾಲಕ್ರಮದಲ್ಲಿ ದೀಕ್ಷಾಸ್ನಾನದ ವಿಷಯವಾಗಿ ಭೇದ ಹುಟ್ಟಿತು. ಎಳೆಗೂಸಿನ ನೆತ್ತಿಗೆ ನೀರು ಚಿಮುಕಿಸಿದರೆ ಸಾಕೆಂದು ಮೇಲೋಣಿಯವರು. ತಿಳಿವಳಿಕೆ ಬಂದ ಮೇಲೆ ಕೆರೆಯಲ್ಲಿ ಮುಳುಗಿ ಏಳಲೇಬೇಕೆಂದು ಕೆಳಓಣಿಯವರು. ಸಭೆ ಒಡೆದಾಗ ಪುಸ್ತಕವೂ ಪಾಲಿಗೆ ಬಂತು. ಹಳೆಯ ಒಡಂಬಡಿಕೆ ಒಬ್ಬರಿಗೆ, ಹೊಸದು ಇನ್ನೊಬ್ಬರಿಗೆ ಎಂದರೆ ಪಾಲು ಸಮವಾಗದು. ಬಟ್ಟೆಯನ್ನು ಅಳೆದು ಕೊಯ್ದು ರೂಢಿಯಾದ ಆ ಜನ ಹಾಳೆಗಳನ್ನೆಣಿಸಿ, ಸರಿಯಾಗಿ ನಡುವೆ ಕತ್ತಿಯಿಂದ ಸೀಳಿದರು. ಸೀಳು ಬಿದ್ದದ್ದು ಕೀರ್ತನೆಗಳ ಮಧ್ಯದಲ್ಲಿ. ದೇವರ ಬಾಗಿಲನ್ನು ಕುರಿತ ಒಂದು ವಾಕ್ಯದ ಪೂರ್ವಾರ್ಧ ಮೇಲೋಣಿಯಲ್ಲಿ ಉಳಿಯಿತು. ಉತ್ತರಾರ್ಧ ಕೆಳಓಣಿಗೆ ಹೋಯಿತು. ತಲೆಯಿಲ್ಲದ ಸಾಲೆಂದು ಕೆಳಓಣಿಯವರು ಅದನ್ನು ಓದದೆ ಮುಂದಿನ ಕೀರ್ತನೆಯಿಂದಲೇ ಆರಂಭಿಸುತ್ತಿದ್ದರು. ಆ ಬಾಗಿಲೊಳಗೆ ಹೋಗುವವರು ಯಾರೆಂಬುದನ್ನು ಎರಡೂ ಕಡೆಯವರು ನೆನಪಿನಿಂದಲೇ ಹೇಳತೊಡಗಿದರು. ಹದಿನೈದು ವರ್ಷಗಳಲ್ಲಿ ಒಂದು ಓಣಿಯ ಮಕ್ಕಳು ‘ಚಿಮುಕಿಸಿಕೊಂಡವರು’ ಎಂದೂ, ಇನ್ನೊಂದರ ಮಕ್ಕಳು ‘ಮುಳುಗಿ ಎದ್ದವರು’ ಎಂದೂ ಬಾಯಿಪಾಠ ಮಾಡಿದ್ದರು.

ಆಗ ಮಾರ್ಥವ್ವನೆಂಬ ಮುದುಕಿ ಹಾಸಿಗೆ ಹಿಡಿದಳು. ಆಕೆಯ ಹಿರಿಯ ಮಗ ದಾನಿಯೇಲಪ್ಪ ಮೇಲೋಣಿಯ ಸಭೆಗೆ ಮುಖ್ಯಸ್ಥ. ಕಿರಿಯವನಾದ ತೀತಪ್ಪ ಕೆಳಓಣಿಯ ಸಭೆಗೆ. ಆಕೆ ಚಿಕ್ಕಂದಿನಲ್ಲಿ ನೀರು ಚಿಮುಕಿಸಿಕೊಂಡವಳೇ ಹೊರತು ಕೆರೆಯಲ್ಲಿ ಮುಳುಗಿದವಳಲ್ಲ. ಈಗ ಮುಳುಗಿಸಿದರೆ ಜೀವಸಹಿತ ಏಳುವ ಸ್ಥಿತಿಯೂ ಇರಲಿಲ್ಲ. ಹೀಗೆಯೇ ಸತ್ತರೆ ಅವ್ವನ ಗತಿಯೇನೆಂದು ಕಿರಿಯವನು ಅತ್ತ. ಭಯವೇನೂ ಇಲ್ಲವೆಂದು ಹಿರಿಯವನು ಗದರಿದ. ಇಬ್ಬರ ನಡುವೆ ಸಿಕ್ಕ ತಾಯಿಗೆ ಸಾವಿಗಿಂತ ಆ ಬಾಗಿಲಿನ ಅಂಜಿಕೆಯೇ ದೊಡ್ಡದಾಯಿತು. ಕಡೆಗೊಂದು ಮುಂಜಾನೆ, ತನ್ನನ್ನು ಓಣಿಗಳ ನಡುವಿನ ಬಂಡೆಯ ಮೇಲೆ ಮಲಗಿಸಬೇಕೆಂದೂ, ಮಕ್ಕಳಿಬ್ಬರೂ ತಂತಮ್ಮ ಪಾಲಿನ ಪುಸ್ತಕ ತರಬೇಕೆಂದೂ ಹಟ ಹಿಡಿದಳು ಎನ್ನುತ್ತಾರೆ.

ದಾನಿಯೇಲಪ್ಪ ತನ್ನ ಪಾಲಿನ ಕಡೆಯ ಹಾಳೆಯನ್ನು ಓದಿ, ಉಳಿದುದನ್ನು ಕಣ್ಣುಮುಚ್ಚಿ ಹೇಳಹೊರಟ. ತಾಯಿ ಕೈಯೆತ್ತಿ ತಡೆದಳು.

“ಕಣ್ಣು ಮುಚ್ಚಿ ಹೇಳಬ್ಯಾಡೋ ಯಪ್ಪಾ. ಅಲ್ಲಿ ಬರದದ್ದು ಇಷ್ಟ ಏನು?”

“ಇಷ್ಟ, ಯವ್ವಾ.”

“ಹಂಗಾದ್ರ ಬಾಯಿನೂ ಮುಚ್ಚು. ತೀತಾ, ನೀ ಮುಂದ ಓದು.”

“ಅದು ಅರ್ಧಾ ಸಾಲು ಯವ್ವಾ. ನಾವು ಓದೂದಿಲ್ಲ.”

“ಉಳಿದರ್ಧ ನಿಮ್ಮಣ್ಣ ಈಗ ಓದಿದ್ನಲ್ಲೋ! ಮುಂದ ಓದು.”

ತೀತಪ್ಪ ಓದಿದ. ನೀತಿವಂತರು ಆ ಬಾಗಿಲನ್ನು ಪ್ರವೇಶಿಸುವರೆಂದಷ್ಟೇ ಅಲ್ಲಿತ್ತು. ನಂಬದೆ ಬೆರಳಿಟ್ಟು ಮತ್ತೊಮ್ಮೆ ಓದಿದ. ಅಣ್ಣನೂ ಬಗ್ಗಿ ನೋಡಿದ. ಸುತ್ತ ನೆರೆದ ಎರಡೂ ಓಣಿಯವರು ಹಾಳೆಯತ್ತ ಕತ್ತು ಚಾಚಿದರು. ಮುದುಕಿಯೊಬ್ಬಳೇ ನಕ್ಕಳು.

“ಇದರಾಗ ನೀರಿನ ಸುದ್ದಿನ ಇಲ್ಲಲ್ರೋ! ಹದಿನೈದು ವರ್ಷ ನೀರಿಗಂತ ಬಡಿದಾಡಿದ್ರಿ. ಒಂದೀಟು ಕುಡಿಯಾಕರ ಕೊಡ್ರಿ.”

ಇಬ್ಬರೂ ಒಂದೇ ತಂಬಿಗೆಯನ್ನು ಹಿಡಿದು ಕುಡಿಸಿದರು. ಆಕೆ ಮೂರು ದಿನ ಬದುಕಿದ್ದು, ಅಂಜಿಕೆಯಿಲ್ಲದೆ ತೀರಿಕೊಂಡಳೆಂದು ಹೇಳುತ್ತಾರೆ.

ಪ್ರಾರ್ಥನಾಲಯಗಳು ಇಂದಿಗೂ ಎರಡೇ, ಪದ್ಧತಿಗಳೂ ಒಂದಾಗಿಲ್ಲ. ಆದರೆ ವಾದವೆದ್ದರೆ ಇಲ್ಲಿ ಯಾರ ನೆನಪನ್ನೂ ಯಾರೂ ಪ್ರಮಾಣವೆಂದು ಒಪ್ಪುವುದಿಲ್ಲ. ಪುಸ್ತಕವನ್ನು ಈ ಕಲ್ಲಿನ ಮೇಲೆ ತೆರೆದಿಟ್ಟು, ಎರಡೂ ಕಡೆಯವರು ಕೂಡಿ ಓದುತ್ತಾರೆ. ನೋಡಬಯಸಿದ ಪರಸ್ಥಳದವರಿಗೂ ಅದನ್ನು ತಂದು ತೋರಿಸುವುದುಂಟು. ಎರಡು ಪಾಲುಗಳನ್ನು ಮಗ್ಗದ ನೂಲಿನಿಂದ ಕೂಡಿಸಿ ಹೊಲಿದಿದ್ದಾರೆ. ನೇಕಾರರ ಕೈಯಾದರೂ ಹೊಲಿಗೆ ಅಷ್ಟು ನಾಜೂಕಿನದಲ್ಲ; ಎಷ್ಟು ಒತ್ತಿ ಮುಚ್ಚಿದರೂ ಪುಸ್ತಕ ತಾನಾಗಿ ಆ ವಾಕ್ಯದ ಬಳಿಯಲ್ಲಿಯೇ ಬಿಚ್ಚಿಕೊಳ್ಳುತ್ತದೆ.