ಒಂದೇ ಕೆಂಪಿಗೆ ಏಳು ಚೀಟಿ

“ಎತ್ತಿಟ್ಟ ಉತ್ತರ ಬೇಕಾದಾಗ ಯಾಕೆ ಸಿಗುವುದಿಲ್ಲ?” ಎಂದು ಶಿಷ್ಯ ಕೇಳಿದ.

ಅವನು ಪ್ರೋಗ್ರಾಂ ಬರೆಯುವವನು. ಒಮ್ಮೆ ಮಾಡಿದ ಲೆಕ್ಕವನ್ನು ಮತ್ತೆ ಮಾಡಬಾರದೆಂದು, ಬಂದ ಉತ್ತರವನ್ನು ಪ್ರಶ್ನೆಯ ಜೊತೆಗೇ ಎತ್ತಿಡುವ ಏರ್ಪಾಟು ಮಾಡಿದ್ದ. ನಲವತ್ತು ಸಾವಿರ ಉತ್ತರಗಳು ಸೇರಿದ್ದವು. ಆದರೂ ಯಂತ್ರ ಮೊದಲಿಗಿಂತ ನಿಧಾನವಾಗಿತ್ತು. ಯಂತ್ರವನ್ನು ಕೇಳುವವರು ಊರು ಇಂಥದು, ತಾರೀಖು ಇಂಥದು ಎಂದು ಒಂದೊಂದು ವಿವರವನ್ನೂ ಅದರ ಹೆಸರು ಹಿಡಿದು ಕೊಡುತ್ತಿದ್ದರು. ಒಬ್ಬ ಊರು ಮೊದಲು, ತಾರೀಖು ಆಮೇಲೆ ಅನ್ನುತ್ತಿದ್ದ. ಇನ್ನೊಬ್ಬ ತಿರುಗಿಸಿ ಹೇಳುತ್ತಿದ್ದ. ಮತ್ತೊಬ್ಬ, ಹೇಳದಿದ್ದರೂ ತಿಳಿಯುತ್ತದೆ ಎಂದು ಒಂದನ್ನು ಬಿಟ್ಟೇ ಬಿಡುತ್ತಿದ್ದ. ಎಲ್ಲರೂ ಒಂದೇ ಕ್ರಮದಲ್ಲಿ ಕೇಳಬೇಕೆಂದು ನಿಯಮ ಹಾಕಲೇ ಎಂಬುದು ಅವನ ಪ್ರಶ್ನೆ.

ಗುರುಗಳು ಕೂತುಕೋ ಎಂದರು. ಅವನು ಕೂರಲಿಲ್ಲ. ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಲೇ ಇದ್ದ. ಗುರುಗಳು ಅದನ್ನು ನೋಡುತ್ತ ಕತೆ ಹೇಳಿದರು.

ನೂಲಿಗೆ ಬಣ್ಣ ಹಾಕುವ ಒಬ್ಬಳು ಬಣ್ಣದವಳಿದ್ದಳು. ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅವಳಿಗೆ ಹೇಳಿದವನು ಅವಳ ಗಂಡನ ಅಣ್ಣ. ಗಂಡ ತೀರಿಕೊಂಡು ಹದಿಮೂರು ದಿನ ಕಳೆದಿತ್ತು. ಅಂಗಳದಲ್ಲಿ ಬೋರಲು ಹಾಕಿದ್ದ ಹಂಡೆಯ ಮೇಲೆ ಕೂತು ಅವನು ಹೇಳಿದ: “ಬಣ್ಣ ಅಂದರ ತಲಿಯಾಗಿನ ಕೆಲಸ. ನಮ್ಮಪ್ಪ ಅದನ್ನ ನನ್ನ ತಲಿಗೆ ಹಾಕಿ ಹೋದ. ನಿನ್ನ ತಲಿಯಾಗ ಏನದ? ಮೂರು ತಿಂಗಳಿಗೆ ಈ ಹಂಡೆ ಹೊತ್ಕೊಂಡು ನಮ್ಮ ಬಾಗಿಲಿಗೆ ಬರ್ತಿ.” ಅವನು ಎದ್ದು ಹೋದ ಮೇಲೆ ಅವಳು ಆ ಹಂಡೆಯನ್ನು ಮೂರು ಸಲ ತೊಳೆದಳು.

ಅದು ನೇಕಾರರ ಊರು. ಅಲ್ಲಿ ಸೀರೆಯ ಮೈಯನ್ನೂ ಸೆರಗನ್ನೂ ಬೇರೆ ಬೇರೆ ನೂಲಿನಲ್ಲಿ ಹಾಸಿ, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅಂಚಿನ ಕೆಂಪೂ ಸೆರಗಿನ ಕೆಂಪೂ ಕೂದಲೆಳೆಯಷ್ಟು ಬೇರೆಯಾದರೂ ಸೇರಿಸಿದ ಜಾಗ ಗಾಯದ ಹಾಗೆ ಕಾಣುತ್ತದೆ.

ಬಣ್ಣ ಹಾಕಿಸುವವರು ನಾಲ್ಕು ಸಂಗತಿ ಹೇಳುತ್ತಿದ್ದರು: ಯಾವ ನೂಲು, ಯಾವ ಬಣ್ಣ, ಎಷ್ಟು ಸಲ ಅದ್ದಬೇಕು, ಬಾವಿ ನೀರೋ ಕೆರೆ ನೀರೋ. ಈ ನಾಲ್ಕರ ಪ್ರತಿಯೊಂದು ಜೋಡಣೆಗೂ ಅರಗಿನಂಥ ಬಣ್ಣದ ಸಾಮಾನು ಎಷ್ಟು, ಬಣ್ಣ ಹಿಡಿಸುವ ಪಟಿಕ ಎಷ್ಟು ಎಂಬ ಅಳತೆ ಬೇರೆ. ಅಳತೆ ಗೊತ್ತಿಲ್ಲದಿದ್ದರೆ ಕುದಿಸಿ, ಅದ್ದಿ, ಒಣಗಿಸಿ ನೋಡಿ ಕಂಡುಹಿಡಿಯಬೇಕು. ಒಂದು ಅಳತೆಗೆ ಅರ್ಧ ದಿನ ಹೋಗುತ್ತಿತ್ತು. ಗಂಡನ ಅಣ್ಣನಿಗೆ ಎಲ್ಲವೂ ಬಾಯಿಪಾಠ. ಅವನು ಒಂದನ್ನೂ ಅವಳಿಗೆ ಹೇಳಿಕೊಡಲಿಲ್ಲ.

ಅವಳು ನೂಲಿನ ಗಂಟಿನ ಮೇಲಿನ ಕಾಗದ, ಹಳೆಯ ಕ್ಯಾಲೆಂಡರು ಹಿಡಿದು ತಾನೇ ಅಕ್ಷರ ಕಲಿತಳು. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೆಯೇ ಚೀಟಿಯಲ್ಲಿ ಬರೆಯುವಳು. ಕೆಳಗೆ ತಾನು ಕಂಡುಕೊಂಡ ಅಳತೆ ಬರೆಯುವಳು. ಅದಕ್ಕೆ ಆ ಬಣ್ಣದ ಒಂದು ಎಳೆ ಕಟ್ಟಿ, ಚೀಟಿಯ ಮೊದಲ ಮಾತು ಯಾವುದೋ ಗೋಡೆಯಲ್ಲಿ ಆ ಮಾತಿಗೆಂದು ಹೊಡೆದ ಮೊಳೆಗೆ ತೂಗುಹಾಕುವಳು. ಅದೇ ಮಾತು ಮತ್ತೆ ಬಂದರೆ ಕುದಿಸಿ ನೋಡುವ ಕೆಲಸವಿಲ್ಲ; ಚೀಟಿ ತೆಗೆದು ನೇರವಾಗಿ ಅಳೆಯುವುದಷ್ಟೆ. ಮೊದಲ ಸಲ ಹಾಗೆ ಅರ್ಧ ದಿನ ಉಳಿದಾಗ ಒಬ್ಬಳೇ ನಕ್ಕಳು. ಮೂರು ತಿಂಗಳು ದಾಟಿತು. ಎರಡು ವರ್ಷದಲ್ಲಿ ಒಂದು ಗೋಡೆ ತುಂಬಿ ಎರಡನೆಯದಕ್ಕೆ ಮೊಳೆ ಹೊಡೆದಳು. ಬಂದವರಿಗೆಲ್ಲ ಗೋಡೆ ತೋರಿಸುತ್ತಿದ್ದಳು. ಆದರೂ ದಿನದಿನಕ್ಕೆ ಕುದಿಸುವುದು ಕಡಿಮೆಯಾಗಲಿಲ್ಲ. ಯಾಕೆಂದು ಕೂತು ಯೋಚಿಸಲು ಒಲೆ ಬಿಡುತ್ತಿರಲಿಲ್ಲ.

ಒಬ್ಬ ನೇಕಾರ ಬಂದು ಅಂಚಿಗೆ ನೂಲು ಕೊಟ್ಟ. ರೇಷ್ಮೆ, ಕೆಂಪು, ಮೂರು ಅದ್ದು, ಬಾವಿ ನೀರು ಎಂದ. ಹನ್ನೆರಡು ದಿನದ ಮೇಲೆ ಅವನ ಹೆಂಡತಿ ಸೆರಗಿನ ನೂಲು ತಂದಳು. ಕೆಂಪು ಹಾಕು, ರೇಷ್ಮೆ ಅದ ಎಂದಳು. ಮೂರು ಸಲ ಅದ್ದುವುದು, ಬಾವಿ ನೀರು ಬಳಸುವುದು ಆ ಓಣಿಯ ರೂಢಿ; ಹೇಳದಿದ್ದರೂ ತಿಳಿಯುತ್ತದೆ ಎಂದು ಅವೆರಡನ್ನೂ ಬಿಟ್ಟಳು. ಬಣ್ಣದವಳು ‘ಕೆಂಪು’ ಎಂಬ ಮೊಳೆಯಲ್ಲಿ ಹುಡುಕಿದಳು. ಅಷ್ಟೇ ಬರೆದ ಚೀಟಿ ಅಲ್ಲಿರಲಿಲ್ಲ. ಒಲೆ ಹಚ್ಚಿ ಹೊಸದಾಗಿ ಅಳತೆ ಕಂಡುಹಿಡಿದಳು. ಚೆನ್ನಾದ ಕೆಂಪೇ ಬಂತು. ಆದರೆ ಅಂಚಿನ ಆ ಕೆಂಪು ಬರಲಿಲ್ಲ.

ಮದುವೆಯ ಸೀರೆ ಅದು. ಹೆಣ್ಣಿನ ಮನೆಯವರು ಸೆರಗು ಬಿಡಿಸಿ ನೋಡಿ ತಿರುಗಿ ಕಳಿಸಿದರು. ನೇಕಾರರ ಹಿರಿಯ ಬಂದು, ಇನ್ನೊಂದು ಸೀರೆ ಹೀಗೆ ತಿರುಗಿ ಬಂದರೆ ಇಡೀ ಓಣಿಯ ನೂಲು ಗಂಡನ ಅಣ್ಣನ ಮನೆಗೆ ಹೋಗುತ್ತದೆ ಎಂದು ಹೇಳಿ ಹೋದ.

ಅವಳಿಗೆ ಸಿಟ್ಟು ಬಂತು. ತಪ್ಪು ತನ್ನದಲ್ಲ, ಹೇಳಿದವರದು ಎಂದುಕೊಂಡಳು. ಮೊದಲು ನೂಲು, ಆಮೇಲೆ ಬಣ್ಣ, ಆಮೇಲೆ ಅದ್ದು, ಕೊನೆಗೆ ನೀರು ಎಂದು ಹಲಗೆಯ ಮೇಲೆ ಬರೆದು ಬಾಗಿಲಿಗೆ ಕಟ್ಟಿದಳು. ಹಿಂದುಮುಂದು ಹೇಳಿದವರನ್ನು ಹೊಸ್ತಿಲಾಚೆ ಕಳಿಸಿ ಮತ್ತೆ ಹೇಳಿಸಿದಳು. ಬಣ್ಣ ಹಾಕಿಸಲು ಹೋಗಬೇಕೋ ಪರೀಕ್ಷೆಗೆ ಕೂರಲು ಹೋಗಬೇಕೋ ಎಂದು ಓಣಿಯವರು ಆಡಿಕೊಂಡರು. ಒಂದು ವಾರದಲ್ಲಿ ಐದು ಮಗ್ಗದ ನೂಲು ಕೈಬಿಟ್ಟು ಹೋಯಿತು. ಹಂಡೆ ತರಲು ಗಾಡಿ ಯಾವತ್ತು ಕಳಿಸಲಿ ಎಂದು ಗಂಡನ ಅಣ್ಣ ಹೇಳಿಕಳಿಸಿದ.

ಆಗ ನೇಕಾರನ ಹೆಂಡತಿ ಸೀರೆ ಹಿಡಿದುಕೊಂಡು ಬಂದಳು. ಹಲಗೆಯನ್ನು ನೋಡಿದಳು, ಓದು ಬರುತ್ತಿರಲಿಲ್ಲ. ಬಣ್ಣದವಳು ಅವಳಿಗೆ ಮಾತಾಡಲು ಬಿಡಲಿಲ್ಲ.

“ನಿನ್ನ ಗಂಡ ಹೇಳಿದಂಗ ನೀ ಹೇಳಿದ್ದರ ಇದು ಆಗ್ತಿರಲಿಲ್ಲ.”

“ನಾ ಹೆಂಗ ಹೇಳಿದರೇನ ತಂಗಿ,” ಎಂದಳು ಅವಳು, “ನನಗ ಬೇಕಾಗಿದ್ದು ಅವನು ಒಯ್ದ ಕೆಂಪು. ನೀ ಗ್ವಾಡಿಗೆ ತೂಗುಹಾಕಿದ್ದು ನಮ್ಮ ಬಾಯಿ, ನಮ್ಮ ನೂಲಲ್ಲ.”

ಸೀರೆಯನ್ನು ಅಲ್ಲೇ ಬಿಟ್ಟು ಹೋದಳು.

ಬಣ್ಣದವಳು ಆ ದಿನ ಒಲೆ ಹಚ್ಚಲಿಲ್ಲ. ಕೂತಳು, ಎದ್ದಳು, ಬಾವಿಯ ತನಕ ಹೋಗಿ ಬರಿಗೈಯಲ್ಲಿ ತಿರುಗಿ ಬಂದಳು. ಕೊನೆಗೆ ಎರಡೂ ಗೋಡೆಯ ಚೀಟಿಗಳನ್ನು ಇಳಿಸಿ ಅಂಗಳದಲ್ಲಿ ಹರಡಿದಳು. ಮಾತನ್ನು ಬಿಟ್ಟು, ಬೇಕೆಂದು ಕೇಳಿದ್ದು ಏನು ಎಂದು ನೋಡುತ್ತ ಗುಂಪು ಮಾಡಿದಳು. ಬಾವಿ ನೀರಿನಲ್ಲಿ ಮೂರು ಸಲ ಅದ್ದಿದ ಕೆಂಪು ರೇಷ್ಮೆಗೆ ಏಳು ಚೀಟಿ ಇದ್ದವು. ಏಳು ಸಲ ಅರ್ಧರ್ಧ ದಿನ ಅದನ್ನೇ ಕಂಡುಹಿಡಿದಿದ್ದಳು. ಏಳು ಎಳೆಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟರೆ ಯಾವ ಎರಡೂ ಒಂದೇ ಥರ ಇರಲಿಲ್ಲ.

ಒಂದನ್ನು ಇಟ್ಟುಕೊಂಡು ಆರನ್ನು ಒಲೆಗೆ ಹಾಕಿದಳು. ಉಳಿದ ಗುಂಪುಗಳಿಗೂ ಹಾಗೆಯೇ ಮಾಡಿದಾಗ, ಸಂಜೆಯ ಹೊತ್ತಿಗೆ ಮುನ್ನೂರಕ್ಕೆ ಮೇಲಿದ್ದ ಚೀಟಿ ಐವತ್ತೆಂಟಾದವು.

ಮರುದಿನ ಬಾಗಿಲಿನ ಹಲಗೆ ಇಳಿಸಿ, ಅಲುಗಾಡುತ್ತಿದ್ದ ಹಂಡೆಯ ಕೆಳಗೆ ಒತ್ತಾಗಿ ಕೊಟ್ಟಳು. ಯಾರು ಹೇಗೆ ಬೇಕಾದರೂ ಹೇಳಲಿ. ಚೀಟಿಯಲ್ಲಿ ನಾಲ್ಕು ಮನೆ ಗೀಚಿ, ಕೇಳಿದ್ದನ್ನು ಅದರದರ ಮನೆಗೆ ಅವಳೇ ಹಾಕಿದಳು. ಹೇಳದೆ ಬಿಟ್ಟ ಮನೆಯನ್ನು ಖಾಲಿ ಬಿಡಲಿಲ್ಲ. ಓಣಿಯ ರೂಢಿ ಏನೋ ಅದನ್ನು ಬರೆದು, ಬಾವಿ ನೀರೇ ಅಲ್ಲವೇ ಎಂದು ಗಿರಾಕಿಯ ಮುಂದೆ ಒಮ್ಮೆ ಓದಿದಳು. ಆಮೇಲೆಯೇ ಗೋಡೆಯ ಕಡೆ ತಿರುಗಿದಳು.

ಕೆಲವು ದಿನ ಈ ಜೋಡಣೆಯೇ ದೊಡ್ಡ ಕೆಲಸವಾಗಿ ಬಾಗಿಲಲ್ಲಿ ಜನ ನಿಂತರು. ಆಗ ಇನ್ನೆರಡು ಸಂಗತಿ ಕಂಡಳು. ಹತ್ತರಲ್ಲಿ ಎಂಟು ಜನ ಹೇಗೂ ರೂಢಿಯ ಸಾಲಿನಲ್ಲೇ ನಾಲ್ಕನ್ನೂ ಹೇಳುತ್ತಾರೆ. ಅಂಥವರಿಗೆ ಏನನ್ನೂ ಜೋಡಿಸದೆ ಕೈಯನ್ನು ನೇರ ಮೊಳೆಗೆ ಬಿಟ್ಟಳು. ಸಾಲು ತಪ್ಪಿದವರಿಗೆ ಮಾತ್ರ ನಿಂತು ಜೋಡಿಸಿದಳು. ಇನ್ನು ಅರಿಶಿನದ ಹಳದಿಗೆ ಚೀಟಿಯನ್ನೇ ಇಡಲಿಲ್ಲ. ಚೀಟಿ ಹುಡುಕುವಷ್ಟರಲ್ಲಿ ಹಳದಿ ಬಂದುಬಿಡುತ್ತದೆ.

ಹೋದ ಐದು ಮಗ್ಗದಲ್ಲಿ ನಾಲ್ಕು ತಿರುಗಿ ಬಂದವು. ಆ ನೇಕಾರನ ಮಗ್ಗ ಬರಲಿಲ್ಲ. ಗಂಡನ ಅಣ್ಣನ ಗಾಡಿಯೂ ಬರಲಿಲ್ಲ.

ಈಗ ಅವಳಿಗೆ ಮೂರು ಹಂಡೆ, ಸ್ವಂತದ ಬಾವಿ, ಐವತ್ತೆಂಟು ಮೊಳೆಯ ಒಂದೇ ಗೋಡೆ ಇದೆ. ಅದಕ್ಕೆ ತೆತ್ತದ್ದು ಎರಡು ವರ್ಷದ ಅರ್ಧರ್ಧ ದಿನಗಳು, ಕುದಿಯುವ ಬಣ್ಣಕ್ಕೆ ಹೋದ ಬಲಗೈಯ ಮೂರು ಉಗುರು, ಮತ್ತು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಒಂದು ಸೀರೆ. ಅದನ್ನು ಅವಳು ಉಡುವುದಿಲ್ಲ, ಮಾರುವುದೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಕಿಟಕಿಯ ಬಳಿ ನಿಂತೇ ಇದ್ದ. ಅವಳ ಕಷ್ಟ ಬೇರೆ, ತನ್ನದು ಬೇರೆ ಎಂದ. ಅವಳ ಎಳೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ತನ್ನ ನಲವತ್ತು ಸಾವಿರ ಉತ್ತರಗಳಲ್ಲಿ ಒಂದೂ ತಪ್ಪಿಲ್ಲ, ಒಂದೊಂದನ್ನೂ ಪರೀಕ್ಷಿಸಿದ್ದೇನೆ ಎಂದ.

“ಆ ನಲವತ್ತು ಸಾವಿರದಲ್ಲಿ ಒಂದೇ ಕೆಂಪಿಗೆ ಬರೆದ ಚೀಟಿ ಎಷ್ಟು?” ಎಂದರು ಗುರುಗಳು.

ಶಿಷ್ಯ ಕೂತುಕೊಂಡ.