ದೇವರ ವಾದಕ್ಕೆ ನಿಂತ ಗೆಳೆಯರು

ಕಾಲ ಯಾವುದೋ, ದೊರೆ ಯಾರೋ, ನನಗೆ ಹೇಳಿದವರು ಹೇಳಿದ ಹಾಗೆ ಹೇಳುತ್ತೇನೆ, ಕೇಳಿ. ಹೊನ್ನಗುಡಿ ಅಂತ ಒಂದು ಊರಿತ್ತಂತೆ. ಅಲ್ಲಿ ಬೊಪ್ಪಣ್ಣ ಅಂತ ಒಬ್ಬ. ಗಾಜು ಉಜ್ಜಿ ದುರ್ಬೀನು ಮಾಡೋದು, ಅದರಲ್ಲಿ ಚುಕ್ಕಿ ನೋಡೋದು, ಇದೇ ಅವನ ಬದುಕು. ದೇವರಿದ್ದಾನೆ ಅಂದರೆ ಅವನು ಒಪ್ಪುತ್ತಿರಲಿಲ್ಲ. ಅವನ ಜೀವದ ಗೆಳೆಯ ಯಾರಪ್ಪಾ ಅಂದರೆ ಶಿವನ ಗುಡಿಯ ಪೂಜಾರಿ ಗುರುಪಾದಯ್ಯ. ಸಂಜೆಯಾಯಿತೆಂದರೆ ಇಬ್ಬರೂ ಗುಡಿಯ ಜಗಲಿ ಮೇಲೆ ಕೂತು, ಹುರಿಗಡಲೆ ಮೆಲ್ಲುತ್ತಾ, ಇದ್ದಾನೆ ಅಂತ ಒಬ್ಬ, ಇಲ್ಲ ಅಂತ ಒಬ್ಬ. ಇವತ್ತು ಮುಗಿಯದ್ದು ನಾಳೆಗೆ, ನಾಳೆ ಮುಗಿಯದ್ದು ನಾಡಿದ್ದಿಗೆ.

ಇವರೇನೋ ನಗುನಗುತ್ತಲೇ ವಾದ ಮಾಡುತ್ತಿದ್ದರು. ಕೇಳಿದ ಊರವರಿಗೆ ತಲೆ ಕೆಟ್ಟಿತು. ಬೊಪ್ಪಣ್ಣನ ಕಡೆಯವರು, ಅಯ್ಯನ ಕಡೆಯವರು ಅಂತ ಊರು ಇಬ್ಭಾಗವಾಯಿತಂತೆ. ಇವರು ನೀರು ಸೇದಿದ ಬಾವಿಗೆ ಅವರು ಹಗ್ಗ ಬಿಡರು. ಗೊತ್ತಾಗಿದ್ದ ಮದುವೆಗಳು ಮುರಿದುಬಿದ್ದವು. ದೊರೆಗೆ ದೂರು ಹೋಯಿತು. ದೊರೆ ಡಂಗುರ ಹೊಡೆಸಿದ: "ನಾಳೆ ಆಸ್ಥಾನದಲ್ಲಿ ಇದು ತೀರ್ಮಾನವಾಗಬೇಕು. ಸೋತವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾಜ್ಯ ಬಿಡಬೇಕು."

ಆ ರಾತ್ರಿ ಬೊಪ್ಪಣ್ಣ ತಟ್ಟೆ ಮುಂದೆ ಕೂತರೂ ಮುದ್ದೆ ಮುಟ್ಟಲಿಲ್ಲ. ಹೆಂಡತಿ ತಾಯಕ್ಕ ಕೇಳಿದಳು, "ಯಾಕೆ, ಸೋಲ್ತೀನಿ ಅಂತ ಹೆದರಿಕೆಯಾ?"

"ಗೆಲ್ತೀನಿ ಅಂತಲೇ ಹೆದರಿಕೆ ಕಣೇ. ಮಂಡಿನೋವಿನ ಮನುಷ್ಯ ಗುರುಪಾದ. ಊರು ಬಿಟ್ಟು ಎಲ್ಲಿಗೆ ಹೋದಾನು?"

"ಹಾಗಾದರೆ ಸೋತುಬಿಡಿ."

"ಸುಳ್ಳು ಹೇಳಿ ಸೋಲಲಾ?"

"ಇಷ್ಟು ವರ್ಷ ಅಯ್ಯನೋರು ಕೇಳಿದ್ದರಲ್ಲಿ ನಿಮಗೆ ಉತ್ತರ ತೋಚದ್ದು ಒಂದೂ ಇಲ್ವಾ?"

ಬೊಪ್ಪಣ್ಣ ಒಂದು ತುತ್ತು ಮುದ್ದೆ ಮುರಿದ. ಇತ್ತು. ಒಂದಲ್ಲ, ಬೇಕಾದಷ್ಟಿತ್ತು. ಅವನ್ನೆಲ್ಲ ನೆನೆಸಿಕೊಳ್ಳುತ್ತಾ ತಟ್ಟೆ ಖಾಲಿ ಮಾಡಿದ.

ಮಾರನೆ ದಿನ ಆಸ್ಥಾನ ತುಂಬಿತ್ತಂತೆ. ಬೊಪ್ಪಣ್ಣ ತಾನೇ ಮೊದಲು ಎದ್ದು ಕೈಮುಗಿದ.

"ಒಡೆಯಾ, ಚುಕ್ಕಿಗಳ ಹಿಂಡುಗಳೆಲ್ಲ ಒಂದಕ್ಕೊಂದು ದೂರ ಸರೀತಿವೆ, ಅದನ್ನ ದುರ್ಬೀನಿನಲ್ಲಿ ಕಂಡಿದ್ದೀನಿ. ಅಂದಮೇಲೆ ಒಂದು ಕಾಲಕ್ಕೆ ಎಲ್ಲಾ ಒತ್ತಾಗಿ ಒಂದೇ ಕಡೆ ಇದ್ದಿರಬೇಕು. ಅದನ್ನ ಹರಡಿದ್ದು ಯಾರು ಅಂತ ಗುರುಪಾದ ಕೇಳ್ತಾನೆ. ನನ್ನ ಹತ್ತಿರ ಉತ್ತರ ಇಲ್ಲ."

ದೊರೆ ಅಯ್ಯನ ಕಡೆ ತಿರುಗಿದ. ಗೆದ್ದೆ ಅನ್ನಬೇಕಾದ ಅಯ್ಯ ಕೋಲೂರಿ ಎದ್ದು ನಿಂತು, "ಅದು ಸರಿಯಲ್ಲ ಒಡೆಯಾ," ಅಂದನಂತೆ. "ಹರಡಿದವನೊಬ್ಬ ಇದ್ದರೆ ಅವನನ್ನ ಹುಟ್ಟಿಸಿದವರು ಯಾರು? ಶಿವನ ಹತ್ತಿರ ಪ್ರಶ್ನೆ ನಿಲ್ಲಿಸಬಹುದಾದರೆ ಒಂದು ಹೆಜ್ಜೆ ಹಿಂದೆ, ಈ ಲೋಕದ ಹತ್ತಿರವೇ ಯಾಕೆ ನಿಲ್ಲಿಸಬಾರದು? ಬೊಪ್ಪಣ್ಣನ ಮಾತು ಇದು. ನನಗೆ ಉತ್ತರ ಸಿಕ್ಕಿಲ್ಲ."

ಬೊಪ್ಪಣ್ಣ ಗೆಳೆಯನ ಮುಖ ನೋಡಿದ. ಇವನೂ ನನ್ನ ಹಾಗೇ ಸೋಲೋಕೆ ಹೊರಟಿದ್ದಾನಲ್ಲ! ಗಡಿಬಿಡಿಯಲ್ಲಿ ಇನ್ನೊಂದು ತೆಗೆದ. "ಲೋಕದ ಲೆಕ್ಕ ಕೂದಲೆಳೆಯಷ್ಟು ತಪ್ಪಿದ್ದರೂ ಚುಕ್ಕಿಯಿಲ್ಲ, ನೀರಿಲ್ಲ, ನಾವಿಲ್ಲ. ಇಷ್ಟು ಹದ ತಾನಾಗೇ ಬಂತಾ?"

"ಬರಬಹುದು," ಅಂದ ಅಯ್ಯ. "ಲೆಕ್ಕವಿಲ್ಲದಷ್ಟು ಬೀಜ ಗಾಳಿಗೆ ಹಾರ್ತವೆ. ಹಸಿ ನೆಲಕ್ಕೆ ಬಿದ್ದದ್ದು ಮೊಳೆತು, ಮಳೆ ಬಂದದ್ದೇ ನನಗೋಸ್ಕರ ಅನ್ನುತ್ತೆ. ಅಷ್ಟೇ. ನನ್ನ ಮೊಮ್ಮಗಳಿಗೆ ಜ್ವರ ಬಂದಾಗ ನಾನು ಗಂಟೆ ಬಾರಿಸ್ತಾ ಕೂತೆ ಒಡೆಯಾ. ಬೇರು ಅರೆದು ಕೊಟ್ಟು ಮಗೂನ ಉಳಿಸಿದವನು ಇವನು."

"ಬೇರು ಅರೆದದ್ದು ನಾನೇ," ಅಂದ ಬೊಪ್ಪಣ್ಣ. ಅವನ ದನಿ ಸಣ್ಣಗಾಗಿತ್ತು. "ಆದರೆ ಎಲ್ಲೋ ಕಾಡಲ್ಲಿ ಬೆಳೆದ ಬೇರಿಗೂ ಒಂದು ಮಗುವಿನ ಜ್ವರಕ್ಕೂ ಯಾಕೆ ಹೊಂದಬೇಕು ಅಂತ ಅವತ್ತಿಂದ ಯೋಚಿಸ್ತಾನೇ ಇದ್ದೀನಿ."

ದೊರೆ ತಲೆ ಕೆರೆದುಕೊಂಡ. "ನಿಮ್ಮಲ್ಲಿ ದೇವರಿದ್ದಾನೆ ಅನ್ನುವವನು ಯಾರಯ್ಯಾ?"

ಆಸ್ಥಾನದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ದೊರೆಯೂ ನಕ್ಕ. ನಕ್ಕು ಸಾಕಾದ ಮೇಲೆ ಹೇಳಿದ, "ಇಬ್ಬರೂ ಸೋತಿರಿ ಅಂತ ಇಬ್ಬರನ್ನೂ ಓಡಿಸಿದರೆ ದಾರಿಯುದ್ದಕ್ಕೂ ಇದೇ ಮಾತಾಡಿಕೊಂಡು ಸುಖವಾಗಿ ಹೋಗ್ತೀರಿ. ನಷ್ಟ ನನ್ನ ಊರಿಗೆ. ಇಲ್ಲೇ ಇರಿ. ಇವತ್ತಿಂದ ಈ ಊರಲ್ಲಿ ಜಗಳಕ್ಕೆ ನಿಂತವರು ಎದುರಿನವನ ಮಾತನ್ನ, ಅವನು ಹೌದು ಅನ್ನೋ ಹಾಗೆ, ಮೊದಲು ತಾವು ಹೇಳಬೇಕು. ಆಮೇಲೆ ತಮ್ಮದು."

ಊರವರು ಹಾಗೇ ನಡೆದುಕೊಂಡರಂತೆ. ಎದುರಿನವರ ಮಾತು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಸಿಟ್ಟು ಇಳಿದುಹೋಗುತ್ತಿತ್ತು. ಬಾವಿಗೆ ಹಗ್ಗ ಬಿತ್ತು, ಮುರಿದ ಮದುವೆಗಳು ಕೂಡಿದವು.

ಆವತ್ತು ಗೆಳೆಯರಿಬ್ಬರೂ ನಿಧಾನಕ್ಕೆ ಮನೆ ಕಡೆ ನಡೆದರು. ಗುರುಪಾದಯ್ಯನ ಕೈ ಬೊಪ್ಪಣ್ಣನ ಹೆಗಲ ಮೇಲಿತ್ತು.

"ಗುರುಪಾದ, ಆ ಬೀಜದ ಮಾತು ನನಗಿಂತ ಚೆನ್ನಾಗಿ ಹೇಳಿದೆ ಕಣೋ," ಅಂದ ಬೊಪ್ಪಣ್ಣ.

"ಹೇಳಿದೆ. ಆದರೆ ಆ ನೆಲ, ಆ ಮಳೆ ಎಲ್ಲಿಂದ ಬಂದವು ಅಂತ ನೀನು ಕೇಳಲೇ ಇಲ್ಲ."

"ಅದಕ್ಕೇನು, ಹೇಳ್ತೀನಿ ಕೇಳು," ಅಂತ ಬೊಪ್ಪಣ್ಣ ಶುರುಮಾಡಿದನಂತೆ.

ಅವರ ಮಾತು ಅಲ್ಲಿ ನಡೆಯುತ್ತಿರಲಿ, ನಮ್ಮ ಕಥೆ ಇಲ್ಲಿ ಕಾಲು ಚಾಚಲಿ.